ಹಿಯರಿಂಗ್ ಏಡಲ್ಲಿ ಸಂಗೀತ ಕೇಳೋಕಾಗುತ್ತಾ? ಎಂಟು ತಿಂಗಳು ಹಾಕ್ಕೊಂಡ ಮೇಲೆ ಬರೀತಿದೀನಿ

ಹಿಯರಿಂಗ್ ಏಡಲ್ಲಿ ಮಾತು ಹೇಗೆ ಕೇಳತ್ತೆ ಅಂತ ಎಲ್ಲ ಅಂಗಡಿಯವ್ರೂ ಹೇಳ್ತಾರೆ, ಸಂಗೀತ ಹೇಗೆ ಕೇಳತ್ತೆ ಅಂತ ಕೇಳಿದ್ರೆ ಸರಿಯಾಗಿ ಉತ್ತರ ಸಿಗಲ್ಲ. ನಂಗೀಗ 54. ಇಪ್ಪತ್ತು ವರ್ಷದಿಂದ ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ ಇದೆ, ರಾತ್ರಿ ಒಂದು ಗಂಟೆ ಹೊತ್ತು ಕೊಳಲೋ ವೀಣೆಯೋ ಕೇಳದೇ ಮಲಗಿದೋನಲ್ಲ. ಮೂರು ವರ್ಷದ ಹಿಂದೆ ಸೌಂಡು ಮಂಕಾಗಿದೆ ಅನ್ಸಿ ಪ್ಯಾಡ್ ಬದಲಾಯಿಸ್ದೆ, ಕೇಬಲ್ ಬದಲಾಯಿಸ್ದೆ, ಏನೂ ಆಗ್ಲಿಲ್ಲ. ಒಂದಿನ ಮಗಳು ಬಂದು "ಅಪ್ಪಾ, ಫ್ರಿಜ್ ಬಾಗ್ಲು ತೆಗೆದೇ ಇದೆ, ಆಗ್ಲಿಂದ ಕುಯ್ ಕುಯ್ ಅಂತಿದೆ, ಕೇಳಿಸ್ತಿಲ್ವಾ" ಅಂದ್ಲು. ನಿಜವಾಗ್ಲೂ ಕೇಳಿಸ್ತಿರ್ಲಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, 1965ರಿಂದ ಇರೋದು, ಅಲ್ಲೇ ಟೆಸ್ಟ್ ಮಾಡಿಸ್ದೆ. ತಗ್ಗು ಸದ್ದು, 1000 ಹರ್ಟ್ಜ್ ತನಕ ಪರವಾಗಿಲ್ಲ, ಕೀಚಲು ಸದ್ದು, 4000ಕ್ಕೆ ಬಂದ್ರೆ ಗ್ರಾಫಿನ ಗೆರೆ 55 ಡೆಸಿಬೆಲ್‌ಗೆ ಇಳಿದಿತ್ತು, ಅಷ್ಟು ಜೋರಾಗಿದ್ರೇನೇ ಕೇಳೋದು. ಅಂದ್ರೆ ಕೊಳಲಿನ ಸ್ವರ ಸಿಗತ್ತೆ, ಆದ್ರೆ ಊದೋವಾಗಿನ ಉಸಿರು, ಖಂಜಿರದ ಗೆಜ್ಜೆ, ತಂಬೂರಿಯ ಜೀವಾಳಿ (ತಂತಿ ಕೆಳಗಿಡೋ ದಾರದಿಂದ ಬರೋ ಝೇಂಕಾರ) ಇವೆಲ್ಲ ಆ ಕೀಚಲು ಭಾಗದ್ದು, ಅವೇ ಹೋಗಿದ್ವು. ಒಳಕಿವಿಯ ಕೂದಲಿನಂಥ ಜೀವಕೋಶ ಒಂದ್ಸಲ ಹೋದ್ರೆ ಮತ್ತೆ ಹುಟ್ಟಲ್ಲ ಅಂತ ತಿಳಿದಾಗ ಎರಡು ದಿನ ಹೆಡ್‌ಫೋನ್ ಮುಟ್ಟೋಕೂ ಮನಸ್ಸು ಬರ್ಲಿಲ್ಲ.

ಆಮೇಲೆ ಬೇರೆ ಒಂದು ಕ್ಲಿನಿಕ್ಕಲ್ಲಿ ಲಕ್ಷದ ಮೇಲೆ ಕೊಟ್ಟು ಜೋಡಿ ತಗೊಂಡೆ, ಕಿವಿ ಹಿಂದೆ ಕೂತ್ಕೊಳೋ ಮಾಡಲ್ಲು. ಹೆಸರು ಬೇಡ, ಯಾಕಂದ್ರೆ ತೊಂದ್ರೆ ಆಗಿದ್ದು ಸೆಟ್ಟಿಂಗಲ್ಲಿ. ಮಾತು ಮೊದಲ ದಿನವೇ ಚೆನ್ನಾಗಿತ್ತು, ಹೆಂಡ್ತಿ ಅಡಿಗೆಮನೆಯಿಂದ ಕರೆದ್ರೂ ಗೊತ್ತಾಗ್ತಿತ್ತು. ಆದ್ರೆ ರಾತ್ರಿ ಕೊಳಲು ಹಾಕಿದ್ರೆ, ಪಂಚಮ ಹಿಡಿದು ನಿಲ್ಲಿಸಿದ ಕಡೆಯಲ್ಲೆಲ್ಲ ಸ್ವರ ನಡುಗೋಕೆ ಶುರು, ಪಕ್ಕದಲ್ಲಿ ಇನ್ನೊಂದು ಕಳ್ಳ ಸ್ವರ ಬೇರೆ! ಮಷೀನು ಆ ಉದ್ದ ಸ್ವರವನ್ನ ತನ್ನದೇ ವಿಷಲ್ (ಹೊರಬಂದ ಸೌಂಡು ವಾಪಸ್ ಮೈಕಿಗೆ ಹೋಗಿ ಕುಯ್ ಅನ್ನೋದು) ಅಂದ್ಕೊಂಡು ಅಳಿಸೋಕೆ ನೋಡತ್ತಂತೆ. ಬೆಂಗ್ಳೂರಲ್ಲಿ ಕೋಟೆ ಹೈಸ್ಕೂಲ್ ಮೈದಾನದ ರಾಮೋತ್ಸವಕ್ಕೆ ಹೋದಾಗ ಸ್ಪೀಕರ್ ಹತ್ರ ಕೂತು ಮೃದಂಗದ ತನಿ (ಅದೊಂದೇ ನುಡಿಸೋ ಭಾಗ) ಪೂರ್ತಿ ಒಡೆದ ಮಡಕೆ ಥರ ಕೇಳಿ ಎದ್ದು ಬಂದ್ಬಿಟ್ಟೆ. ಮೊದಲೇ ನನ್ನಂಥ ಕಿವಿಗೆ ಮೆತ್ತಗಿದ್ರೆ ಕೇಳಲ್ಲ, ಸ್ವಲ್ಪ ಜಾಸ್ತಿಯಾದ್ರೆ ತಡ್ಕೊಳೋಕಾಗಲ್ಲ, ಮಧ್ಯದ ಜಾಗ ಬಹಳ ಕಮ್ಮಿ.

ಬದಲಾವಣೆ ಆಗಿದ್ದು ಮೂರನೇ ವಿಸಿಟ್ಟಲ್ಲಿ. ಈ ಸಲ ಹೊಸ ಆಡಿಯಾಲಜಿಸ್ಟ್ (ಕಿವಿ ಟೆಸ್ಟ್ ಮಾಡಿ ಏಡ್ ಹೊಂದಿಸೋರು) ಮೇಡಂ ಇದ್ರು, ತಾಳ್ಮೆಯಿಂದ ಕೇಳಿಸ್ಕೊಂಡ್ರು. ನಾನು ಫೋನಲ್ಲಿ ಬರೀ ತಂಬೂರಿ ಹಾಕಿ ಮೇಜಿನ ಮೇಲಿಟ್ಟೆ. ಅವ್ರು ಸಂಗೀತಕ್ಕೇ ಒಂದು ಬೇರೆ ಪ್ರೋಗ್ರಾಂ ತೆರೆದು, ಗದ್ದಲ ಕಮ್ಮಿ ಮಾಡೋದು ಆಫ್, ಕೀಚಲು ಸದ್ದನ್ನ ತಗ್ಗು ಶ್ರುತಿಗೆ ಇಳಿಸೋದು ಆಫ್ (ಇದು ಆನ್ ಇದ್ರೆ ತಾಳದ ಸದ್ದು ಶ್ರುತಿ ಬಿಟ್ಟು ಕೇಳತ್ತೆ), ಕಂಪ್ರೆಷನ್ (ಮೆತ್ತಗಿನದನ್ನ ಏರಿಸಿ ಜೋರಿನದನ್ನ ತಡೆಯೋದು) ನಿಧಾನ ಅಂತ ಒಂದೊಂದೇ ಬದಲಾಯಿಸ್ತಾ ಹೋದ್ರು. ಕೊನೆಗೆ ಆ ವಿಷಲ್ ತಡೆಯೋದನ್ನ ತೆಗೆದ್ರು ನೋಡಿ, ಅಲುಗಾಡ್ತಿದ್ದ ಮಂದ್ರ ಸ ತಟ್ಟಂತ ನಿಂತ್ಕೊಂಡ್ತು, ಅದರ ಮೇಲೆ ಸಣ್ಣಗೆ ಝುಂಯ್ ಅಂತ ಜೀವಾಳಿ ಹೊರಟ್ತು. ಮೂರು ವರ್ಷ ಆಗಿತ್ತು ಅದನ್ನ ಕೇಳಿ. ಕಣ್ಣಲ್ಲಿ ನೀರು ಬಂತು, ಮೇಡಂ ಸುಮ್ನೆ ಇನ್ನೊಂದು ನಿಮಿಷ ಆಡೋಕೆ ಬಿಟ್ರು.

ಇನ್ನೂ ಆಗದೇ ಇರೋದೂ ಇದೆ. ಈ ಪ್ರೋಗ್ರಾಮಲ್ಲಿ ಕೈ ಕಿವಿ ಹತ್ರ ಹೋದ್ರೆ ಕುಯ್ ಅನ್ನತ್ತೆ, ದಿಂಬಿಗೆ ತಲೆ ಕೊಟ್ಟು ಕೇಳೋದು ಆಗಲ್ಲ. ಫೋನಿಂದ ಬ್ಲೂಟೂತಲ್ಲಿ ನೇರ ಹಾಕಿದ್ರೆ ಮೃದಂಗದ ಎಡಗಡೆ ಪೊಳ್ಳು, ಕಿವಿಯೊಳಗೆ ಕೂರೋ ತೂತಿನ ಡೋಮಲ್ಲಿ (ಮೆತ್ತನೆ ಟೋಪಿ ಥರದ್ದು) ಬೇಸ್ ಸೋರಿ ಹೋಗತ್ತೆ, ಮುಚ್ಚಿದ ಡೋಮ್ ಹಾಕಿದ್ರೆ ನನ್ನ ಮಾತೇ ಗುಂಯ್ ಅನ್ನತ್ತೆ. ಹಾಗಾಗಿ ನಾನು ಏಡ್ ಮೇಲೇ ಎಚ್‌ಡಿ 600 ಹಾಕ್ಕೋತೀನಿ, ಹಿಂದೆ ತೆರೆದಿರೋ ಹೆಡ್‌ಫೋನ್ ಆದ್ರಿಂದ ನಂಗೆ ವಿಷಲ್ ಬಂದಿಲ್ಲ. ಈಚಿನ ಏರ್‌ಪಾಡ್ಸ್ ಇರೋರು ಐಫೋನಿಗೆ ತಮ್ಮ ಆಡಿಯೋಗ್ರಾಂ (ಕಿವಿ ಟೆಸ್ಟಿನ ಗ್ರಾಫು) ಕೊಟ್ಟು ಹಾಡಿನ ಸೌಂಡನ್ನ ಅದಕ್ಕೆ ಹೊಂದಿಸ್ಕೋಬಹುದು, ಮಗಳದ್ದರಲ್ಲಿ ಮಾಡಿ ನೋಡ್ದೆ, ಚೆನ್ನಾಗೇ ಇದೆ.

ತಗೊಳೋರು ದಯವಿಟ್ಟು ಟ್ರಯಲ್ ಕೇಳಿ, ನಿಮಗೆ ಬಾಯಿಪಾಠ ಆಗಿರೋ ರೆಕಾರ್ಡಿಂಗ್ ಫೋನಲ್ಲಿ ಹಾಕ್ಕೊಂಡು ಹೋಗಿ, ಸಂಗೀತಕ್ಕೆ ಬೇರೆ ಪ್ರೋಗ್ರಾಂ ಮಾಡಿ ಅಂತ ಬಾಯ್ಬಿಟ್ಟು ಕೇಳಿ. ಖಂಜಿರದ ಗೆಜ್ಜೆ ಮಾತ್ರ ನಂಗಿನ್ನೂ ಸಿಕ್ಕಿಲ್ಲ, ಮುಂದಿನ ತಿಂಗಳು ಆ ರೆಕಾರ್ಡಿಂಗ್ ತಗೊಂಡು ಮತ್ತೆ ಮೇಡಂ ಹತ್ರ ಹೋಗ್ತಿದೀನಿ.