ನೀರು ಪರೀಕ್ಷೆ ಕಿಟ್: ಕೆಲವು ಮಳೆಗಾಲ ಬಳಸಿದ ಮೇಲೆ

ಆಷಾಢದ ಮಳೆ ಹಿಡಿದರೆ ಶಿವಮೊಗ್ಗದಲ್ಲಿ ತುಂಗೆ ಕೆಂಪಗೆ ಹರಿಯುತ್ತದೆ, ನಲ್ಲಿ ನೀರಿಗೂ ಒಮ್ಮೊಮ್ಮೆ ರಾಡಿ ಬಣ್ಣ ಬರುತ್ತದೆ. ಪ್ಯೂರಿಫೈಯರ್ ಮಾರುವವರು ಮನೆ ಬಾಗಿಲಿಗೆ ಬರುವುದೂ ಆಗಲೇ. ನಮ್ಮನೆಗೆ ಬಂದವರು ಎರಡು ಲೋಟದಲ್ಲಿ ನೀರು ತುಂಬಿ, ಕರೆಂಟಿನ ಕಡ್ಡಿ ಅದ್ದಿದರು. ನಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿತು, ಅವರ ಆರ್‌ಒ (ಲವಣ ಸೋಸಿ ತೆಗೆಯುವ ಯಂತ್ರದ) ನೀರು ಹಾಗೇ ಇತ್ತು. ಅಮ್ಮ ಹೆದರಿಬಿಟ್ಟರು. ಆ ಬಣ್ಣ ಕಡ್ಡಿಯ ಕಬ್ಬಿಣ ಬಿಟ್ಟಿದ್ದು, ನೀರಿನ ಕೊಳೆಯಲ್ಲ. ಲವಣ ತೆಗೆದ ನೀರಿನಲ್ಲಿ ಕರೆಂಟು ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ಆ ಲೋಟ ತಿಳಿಯಾಗಿ ಉಳಿಯಿತು. ಅಷ್ಟೇ ಜಾದೂ!

ಟಿಡಿಎಸ್, ಅಂದರೆ ನೀರಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಸಾಕು ಎನ್ನುತ್ತದೆ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ. ತುಂಗೆ ನೀರು ಮೊದಲೇ ಮೆದು, ಲವಣ ಕಮ್ಮಿ, ಮೈಗೆ ಹಚ್ಚಿದ ಸೋಪಿನ ಜಾರು ಬೇಗ ಹೋಗುವುದೇ ಇಲ್ಲ. ಇದಕ್ಕೆ ಆರ್‌ಒ ಯಾಕೆ? ಅದೂ ಅಲ್ಲದೆ ಟಿಡಿಎಸ್ ಮೀಟರಿಗೆ ರೋಗಾಣು ಕಾಣುವುದಿಲ್ಲ. ಚರಂಡಿ ನೀರು ಸ್ವಲ್ಪ ಸೇರಿದ್ದರೂ ಅದು ಒಳ್ಳೇ ನಂಬರನ್ನೇ ತೋರಿಸಬಹುದು.

ಹಾಗಾಗಿ ಈ ಕಿಟ್ ತಗೊಂಡೆ. ಪಿಎಚ್, ಗಡಸುತನ, ಫ್ಲೋರೈಡ್ ಎಲ್ಲಾ ಇದೆ, ಆದರೆ ನಮಗೆ ಕೆಲಸಕ್ಕೆ ಬಂದದ್ದು ಎರಡೇ: ಕ್ಲೋರಿನ್ ನೋಡುವ ಹನಿ, ರೋಗಾಣು ನೋಡುವ ಎಚ್‌ಟುಎಸ್ ಬಾಟಲಿ.

ಟ್ಯೂಬಿನಲ್ಲಿ ನೀರು ಹಿಡಿದು ಹನಿ ಹಾಕಿದರೆ, ಕ್ಲೋರಿನ್ ಇದ್ದಲ್ಲಿ ಹಳದಿ ಆಗುತ್ತದೆ. ಅದನ್ನು ಕಾರ್ಡಿನ ಬಣ್ಣಕ್ಕೆ ಹೋಲಿಸಬೇಕು. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನೀರು ಬಿಟ್ಟಾಗ ಗೇಟಿನ ಹತ್ತಿರದ ನಲ್ಲಿಯಲ್ಲಿ ಚೆನ್ನಾಗಿಯೇ ಹಳದಿ ಬಂತು. ಅಡುಗೆಮನೆ ನಲ್ಲಿಯಲ್ಲಿ? ಬಣ್ಣವೇ ಇಲ್ಲ. ನಡುವೆ ಇರುವುದು ನಮ್ಮದೇ ಸಂಪು ಮತ್ತು ಟ್ಯಾಂಕ್. ಕಾರ್ಪೊರೇಷನ್‌ನವರನ್ನು ಬೈಯುವ ಮೊದಲು ಸಂಪಿನ ಮುಚ್ಚಳ ತೆಗೆದು ನೋಡಿ ಅಂತ ಈಗ ಅಕ್ಕಪಕ್ಕದವರಿಗೆಲ್ಲ ಹೇಳುತ್ತೇನೆ. ಸಂಪು ತೊಳೆಸಿದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪೌಡರ್ ಕಲಸಿ, ತಿಳಿ ಮಾತ್ರ ಹಾಕಿ ಒಂದು ಗಂಟೆ ಬಿಡುತ್ತೇವೆ. ಮಲೆನಾಡಿನ ತೇವಕ್ಕೆ ಪೌಡರಿನ ಶಕ್ತಿ ಬೇಗ ಹೋಗುತ್ತದೆ, ಸಣ್ಣ ಪ್ಯಾಕೆಟ್ಟೇ ತನ್ನಿ.

ಎಚ್‌ಟುಎಸ್ ಬಾಟಲಿಗೆ ಗೆರೆಯವರೆಗೆ ನೀರು ತುಂಬಿ 24ರಿಂದ 48 ಗಂಟೆ ಇಡಬೇಕು. ಕಪ್ಪಾದರೆ ಮಲದ ರೋಗಾಣು ಇರುವ ಸಾಧ್ಯತೆ. ಇದಕ್ಕೆ 30 ಡಿಗ್ರಿ ಮೇಲೆ ಬೆಚ್ಚಗಿರಬೇಕು ಅನ್ನುವುದೇ ಇಲ್ಲಿನ ತಲೆನೋವು. ಜುಲೈ ಥಂಡಿಯಲ್ಲಿ ಶೆಲ್ಫಿನ ಮೇಲಿಟ್ಟರೆ ಕೆಟ್ಟ ನೀರೂ ಪಾಸ್ ಆಗಿಬಿಡಬಹುದು. ನಾವು ಬಚ್ಚಲ ಒಲೆಯಿಂದ ಒಂದು ಮೊಳ ದೂರದ ಗೂಡಿನಲ್ಲಿ ಇಡುತ್ತೇವೆ. ತೀರ್ಥಹಳ್ಳಿಯ ಅತ್ತೆ ಮನೆಯಲ್ಲೂ ಹೀಗೇ ಇಟ್ಟಾಗ ತೆರೆದ ಬಾವಿಯ ನೀರು ಮಾರನೇ ದಿನಕ್ಕೇ ಮಸಿಯಂತಾಗಿತ್ತು. "ಅಜ್ಜನ ಕಾಲದ ಬಾವಿ ಮಾರಾಯ" ಅಂದರು ಅತ್ತೆ, ಆದರೂ ಅಂದಿನಿಂದ ಕುದಿಸುತ್ತಿದ್ದಾರೆ.

ಕೊರತೆಗಳೂ ಇವೆ. ಕೊಳೆತ ಮೊಟ್ಟೆ ವಾಸನೆಯ ಬೋರ್‌ವೆಲ್ ನೀರು ರೋಗಾಣು ಇಲ್ಲದೆಯೂ ಕಪ್ಪಾಗಬಹುದು. ಬಾಟಲಿ ಒಮ್ಮೆ ಬಳಸಿದರೆ ಮುಗಿಯಿತು, ಮತ್ತೆ ತರಿಸಬೇಕು. ಅವಧಿ ಮುಗಿದದ್ದನ್ನು ಮಾರುವವರೂ ಇದ್ದಾರೆ, ತಾರೀಖು ನೋಡಿ. ಕಪ್ಪಾದ ಬಾಟಲಿಯನ್ನು ಹಾಗೇ ಕಸಕ್ಕೆ ಎಸೆಯಬೇಡಿ, ಬ್ಲೀಚಿಂಗ್ ನೀರು ಸುರಿದು ಸ್ವಲ್ಪ ಹೊತ್ತು ಬಿಟ್ಟು ಎಸೆಯಿರಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕೈಪಿಡಿ ಬರೀ ಇಂಗ್ಲಿಷ್, ಹಿಂದಿಯಲ್ಲಿದೆ. ಆ ಒಂದು ಅಂಕ ಅಲ್ಲಿ ಹೋಯಿತು.