ಕಾಕ್-ಅಪ್ ಸ್ಪ್ಲಿಂಟ್: ತಂದ ಹಾಗೇ ತೊಡಬೇಡಿ

ಅಡಿಕೆ ಕೊನೆ ಇಳಿಸುವಾಗ ಮರದಿಂದ ಬಿದ್ದು ತೋಳಿನ ಮೂಳೆ ಮುರಿದವರಲ್ಲಿ ಕೆಲವರಿಗೆ ಕೈ ಮಣಿಕಟ್ಟಿನಿಂದ ಜೋತುಬೀಳುತ್ತದೆ. ಆ ಮೂಳೆಯನ್ನು ಬಳಸಿಕೊಂಡು ಇಳಿಯುವ ರೇಡಿಯಲ್ ನರಕ್ಕೆ ಪೆಟ್ಟಾಗಿದೆ ಎಂದರ್ಥ. ಆಗ ಶಿರಸಿ, ಕಾರವಾರದ ಮೆಡಿಕಲ್ ಅಂಗಡಿಗಳಲ್ಲಿ ಕೇಳಬೇಕಾದದ್ದು ಕಾಕ್-ಅಪ್ ಸ್ಪ್ಲಿಂಟ್, ಅಂದರೆ ಮಣಿಕಟ್ಟನ್ನು ಹಿಂದಕ್ಕೆ ಎತ್ತಿ ಹಿಡಿಯುವ ಆಸರೆಪಟ್ಟಿ. ಬಟ್ಟೆಯ ಪಟ್ಟಿ, ಅಂಗೈ ಕಡೆ ಅಲ್ಯುಮಿನಿಯಂ ತಗಡು, ವೆಲ್ಕ್ರೋ, ಇಷ್ಟೇ ಸಾಮಾನು. ಕೊಳ್ಳಲು ಯೋಗ್ಯ.

ನರವನ್ನು ಬೆಳೆಸುವುದು ಇದಲ್ಲ, ನರತಂತುಗಳನ್ನು ಸುತ್ತಿಕೊಂಡಿರುವ ಶ್ವಾನ್ ಕೋಶಗಳು. ತಂತು ಕಡಿದರೆ ಗಾಯದಿಂದಾಚೆಯ ಭಾಗ ನಶಿಸುತ್ತದೆ; ವಿಜ್ಞಾನಿ ವಾಲರ್ 1850ರಲ್ಲೇ ಕಪ್ಪೆಯ ನಾಲಿಗೆಯ ನರಗಳಲ್ಲಿ ಇದನ್ನು ತೋರಿಸಿದ್ದ. ಆಗ ಶ್ವಾನ್ ಕೋಶಗಳು ತಂತುವಿಗೆ ಮಯಲಿನ್ ಎಂಬ ಕೊಬ್ಬಿನ ಕವಚ ಹೊದಿಸುವ ಕೆಲಸ ಬಿಟ್ಟು ದುರಸ್ತಿಗೆ ಇಳಿಯುತ್ತವೆ. ಹಳೆ ಮಯಲಿನ್ ಚೂರುಗಳನ್ನು ತಾವೂ ಒಡೆಯುತ್ತವೆ, ಕಸ ನುಂಗುವ ಮ್ಯಾಕ್ರೋಫೇಜ್ ಕೋಶಗಳನ್ನೂ ಕರೆಸುತ್ತವೆ. ಬಳಿಕ ತಂತು ನಶಿಸಿ ಉಳಿದ ಹಳೆ ಕೊಳವೆಯೊಳಗೆ ಸಾಲಾಗಿ ನಿಂತು ಬೆಳವಣಿಗೆಯ ಪ್ರೋಟೀನುಗಳನ್ನು ಸ್ರವಿಸುತ್ತವೆ. ಹೊಸ ಚಿಗುರು ಆ ಸಾಲು ಹಿಡಿದು ದಿನಕ್ಕೆ ಸುಮಾರು 1 ಮಿ.ಮೀ. ಸಾಗುತ್ತದೆ. 12 ಸೆಂ.ಮೀ. ದೂರಕ್ಕೆ ನಾಲ್ಕು ತಿಂಗಳು! ಅಷ್ಟರೊಳಗೆ ಕೈಯ ಗಂಟುಗಳು (ಕೀಲುಗಳು) ಬಿಗಿದುಕೊಂಡರೆ ನರ ತಲುಪಿಯೂ ಕೈ ಏಳುವುದಿಲ್ಲ. ಈ ನಾಲ್ಕು ತಿಂಗಳು ಗಂಟುಗಳನ್ನು ಕಾಪಾಡುವುದೇ ಸ್ಪ್ಲಿಂಟಿನ ಕೆಲಸ.

ತಗಡು ಹಲವು ಸಲ ಚಪ್ಪಟೆಯಾಗಿಯೇ ಬರುತ್ತದೆ. ಹೊರತೆಗೆದು, ಮಣಿಕಟ್ಟು 20ರಿಂದ 30 ಡಿಗ್ರಿ ಹಿಂದಕ್ಕೆ ನಿಲ್ಲುವಂತೆ ಬಗ್ಗಿಸಿ. ಅಂಚು ಅಂಗೈಯ ಅಡ್ಡಗೆರೆಗಿಂತ ಹಿಂದೆಯೇ ಮುಗಿಯಬೇಕು. ದಾಟಿದರೆ ಮುಷ್ಟಿ ಪೂರ್ತಿ ಕಟ್ಟಲಾಗದೆ ಬೆರಳ ಬುಡದ ಗಂಟುಗಳು ಸೆಡೆಯುತ್ತವೆ. ದೊಡ್ಡ ಅಳತೆ ಕೊಂಡವರ ಸಾಮಾನ್ಯ ತೊಂದರೆ ಇದು. ಮಣಿಕಟ್ಟಿನ ಸುತ್ತಳತೆ ಟೇಪಿನಲ್ಲಿ ಅಳೆದುಕೊಂಡೇ ಹೋಗಿ. ವೆಲ್ಕ್ರೋ ಅಡಿಯಲ್ಲಿ ಒಂದು ಬೆರಳು ನುಸುಳಬೇಕು. ಬಿಗಿದರೆ ಹೆಬ್ಬೆರಳ ಕಡೆಯ ಚರ್ಮದ ನರವೂ ಒತ್ತಿಹೋಗಿ ಜೋಮು ಹಿಡಿಯುತ್ತದೆ. ಮೊದಲೇ ಜೋಮಿರುವ ಚರ್ಮಕ್ಕೆ ನೋವೂ ತಿಳಿಯದು. ಬಿಚ್ಚಿ ಕಣ್ಣಿಂದಲೇ ನೋಡಿ, ಕೆಂಪು ಗುರುತು ಅರ್ಧ ಗಂಟೆಯಲ್ಲಿ ಮಾಸದಿದ್ದರೆ ತಗಡನ್ನು ಮತ್ತೆ ಹೊಂದಿಸಿ. ದಿನಕ್ಕೆ ನಾಲ್ಕೈದು ಸಲ ತೆಗೆದು ಇನ್ನೊಂದು ಕೈಯಿಂದ ಮಣಿಕಟ್ಟು, ಬೆರಳುಗಳನ್ನೆಲ್ಲ ಆಡಿಸಬೇಕು.

ನಮ್ಮ ಕರಾವಳಿಯ ಮಳೆಗಾಲಕ್ಕೆ ನಿಯೋಪ್ರೀನ್ (ರಬ್ಬರಿನಂಥ ವಸ್ತು) ಒಳಪದರದ್ದು ಬೇಡವೇ ಬೇಡ. ಬೆವರು ನಿಂತು ಚರ್ಮ ಬೆಳ್ಳಗಾಗಿ ಸುಲಿಯುತ್ತದೆ. ತೂತುಗಳಿರುವ ಬಟ್ಟೆಯದ್ದನ್ನೇ ಎರಡು ಕೊಳ್ಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಳೆದದ್ದು ರಾತ್ರಿಯಲ್ಲಿ ಒಣಗುವುದಿಲ್ಲ. ದೋಣಿಗೆ ಹೋಗುವವರು ಉಪ್ಪುನೀರು ತಗುಲಿದ ತಗಡನ್ನು ಸಿಹಿನೀರಲ್ಲಿ ತೊಳೆಯಬೇಕು.

ದೊಡ್ಡ ಕೊರತೆ ಒಂದಿದೆ: ಹಿಡಿತ ಮರಳುತ್ತದೆ, ಬೆರಳು ಬಿಚ್ಚುವುದಕ್ಕೆ ಮಾತ್ರ ಇದು ಸಾಲದು. ಅದಕ್ಕೆ ರಬ್ಬರ್ ಎಳೆತದ ಡೈನಾಮಿಕ್ ಸ್ಪ್ಲಿಂಟನ್ನು ಥೆರಪಿಸ್ಟ್ ಅಳತೆಗೆ ಮಾಡಿಕೊಡಬೇಕು.

ಕತ್ತಿಯಿಂದ ನರ ಕಡಿದಿದ್ದರೆ ಸ್ಪ್ಲಿಂಟ್ ಕಟ್ಟಿ ಕಾಯಬೇಡಿ. ತುದಿಗಳು ದೂರ ಸರಿದರೆ ಚಿಗುರಿಗೆ ಆಚೆಯ ಕೊಳವೆ ಸಿಗದೆ ಗಂಟುಕಟ್ಟುತ್ತದೆ. ಕೆಲವೇ ದಿನಗಳಲ್ಲಿ ಹೊಲಿಸಬೇಕು. ಮೂಳೆ ಮುರಿತದಲ್ಲಿಯೂ ಮೂರು-ನಾಲ್ಕು ತಿಂಗಳಾದರೂ ಮಣಿಕಟ್ಟು ಮಿಸುಕದಿದ್ದರೆ ಇಎಂಜಿ (ಸ್ನಾಯುವಿನ ವಿದ್ಯುತ್ ಪರೀಕ್ಷೆ) ಮಾಡಿಸಿ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ತಂತು ಬಾರದೆ ತಿಂಗಳುಗಟ್ಟಲೆ ಕಾದ ಶ್ವಾನ್ ಕೋಶಗಳು ಸೊರಗುತ್ತವೆ, 12ರಿಂದ 18 ತಿಂಗಳು ಕಳೆದರೆ ಸ್ನಾಯುವೂ ನರವನ್ನು ಸ್ವೀಕರಿಸುವುದು ಕಷ್ಟ.