ಮಳೆಗಾಲದ ಕೋಳಿಮರಿಗೆ ಬಲ್ಬ್ ಬೇಡ: ಬ್ರೂಡರ್ ಪ್ಲೇಟ್ ಎರಡು ವರ್ಷ ಬಳಸಿದ ಮೇಲೆ

ನಮ್ಮನೆ ಕೊಡಗಿನ ಸೋಮವಾರಪೇಟೆ ತಾಲೂಕು, ಮಾದಾಪುರದಿಂದ ಸ್ವಲ್ಪ ಒಳಗೆ. ಜೂನ್ ಬಂತು ಅಂದ್ರೆ ಇಲ್ಲಿ ಕರೆಂಟ್ ನಂಬ್ಕೊಂಡು ಏನೂ ಮಾಡೋ ಹಾಗಿಲ್ಲ, ಸಿಲ್ವರ್ ಮರದ ಒಂದು ಕೊಂಬೆ ಲೈನ್ ಮೇಲೆ ಬಿದ್ರೆ ಒಂದು ದಿನ, ಕಂಬನೇ ಮುರಿದ್ರೆ ಮೂರ್ನಾಲ್ಕು ದಿನ ಕತ್ತಲೆ. ಇಂಥ ಜಾಗದಲ್ಲಿ ಒಂದು ದಿನದ ಕೋಳಿಮರಿ ತಂದು ಉಳಿಸ್ಕೊಳ್ಳೋದು ಎಷ್ಟು ಕಷ್ಟ ಅಂತ ಸಾಕಿದವರಿಗೆ ಗೊತ್ತು. ಅದಕ್ಕೇ ಈ ಬ್ರೂಡರ್ ಪ್ಲೇಟ್, ಅಂದ್ರೆ ಮರಿಗಳಿಗೆ ಕಾವು ಕೊಡೋ ಕರೆಂಟಿನ ಪ್ಲೇಟ್ ಬಗ್ಗೆ ಸ್ವಲ್ಪ ಉದ್ದವಾಗೇ ಬರೀತಿದ್ದೀನಿ.

ಮೊದಲೇ ಹೇಳಿಬಿಡ್ತೀನಿ, ನಿಮ್ಮ ಹತ್ರ ಕಾವಿಗೆ ಕೂತಿರೋ ಒಳ್ಳೆ ನಾಟಿ ಹೇಂಟೆ ಇದ್ರೆ ಇದ್ಯಾವುದೂ ಬೇಡ, ಅವಳಿಗಿಂತ ಚೆನ್ನಾಗಿ ಯಾವ ಮಿಷನ್ನೂ ನೋಡ್ಕೊಳ್ಳಲ್ಲ. ನಮ್ಮ ಕಷ್ಟ ಏನಂದ್ರೆ ನಾವು ಸಾಕೋದು ಗಿರಿರಾಜ, ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ತಯಾರಾದ ತಳಿ, ಗಟ್ಟಿಮುಟ್ಟು, ತೂಕನೂ ಚೆನ್ನಾಗಿ ಬರುತ್ತೆ, ಆದ್ರೆ ಹೇಂಟೆ ಕಾವಿಗೆ ಕೂರಲ್ಲ. ಹಾಗಾಗಿ ಮರಿಗೆ ಅಮ್ಮನ ಕೆಲಸ ನಾವೇ ಮಾಡಬೇಕು. ಮೊಟ್ಟೆಯಿಂದ ಬಂದ ಮರಿಗೆ ಮೈಮೇಲೆ ಇರೋದು ಬರೀ ನವಿರು ತುಪ್ಪಳ, ಮೈ ಬಿಸಿ ತಾನೇ ಹಿಡಿದಿಟ್ಕೊಳ್ಳೋಕೆ ಅದಕ್ಕೆ ಬರಲ್ಲ. ಮೊದಲ ವಾರ 35 ಡಿಗ್ರಿ ಹತ್ರ ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿ ಥರ ಇಳಿಸ್ತಾ ಬಂದ್ರೆ ಐದಾರು ವಾರಕ್ಕೆ ರೆಕ್ಕೆಪುಕ್ಕ ತುಂಬುತ್ತೆ.

ಮುಂಚೆ ನಾವೂ ಎಲ್ಲರ ಹಾಗೆ ಬಲ್ಬೇ ಹಾಕ್ತಿದ್ವಿ, 250 ವ್ಯಾಟಿಂದು, ಕೆಂಪು ಬಲ್ಬು. ಮೂರು ವರ್ಷದ ಹಿಂದೆ ಜುಲೈನಲ್ಲಿ ಒಂದು ರಾತ್ರಿ ಅತ್ತೆಗೆ ಎಚ್ಚರ ಆಯ್ತು, "ಏನೋ ಕಮಟು ವಾಸ್ನೆ ಬರ್ತಿದೆ ನೋಡವ್ವ" ಅಂದ್ರು. ಎದ್ದು ಹೋಗಿ ನೋಡಿದ್ರೆ ಬಲ್ಬ್ ಕಟ್ಟಿದ್ದ ದಾರ ಸಡಿಲ ಆಗಿ ಅದು ಗೇಣುದ್ದ ಕೆಳಗೆ ಇಳಿದಿದೆ, ಕೆಳಗಿದ್ದ ಭತ್ತದ ಹೊಟ್ಟು ತಟ್ಟೆಯಗಲ ಕಪ್ಪಾಗಿದೆ. ಹೊಟ್ಟು ಧಗ್ ಅಂತ ಉರಿಯಲ್ಲ, ಒಳಗೊಳಗೇ ಕಮರುತ್ತೆ, ಅದೇ ಭಯ. ಮರಿಗಳೆಲ್ಲ ಮೂಲೆಗೆ ಓಡಿ ಒಂದರ ಮೇಲೊಂದು ಹತ್ತಿದ್ವು, ಅಡಿಗೆ ಸಿಕ್ಕಿದ್ದು ನಾಲ್ಕು ಸತ್ತೋಯ್ತು. ಆ ಕೊಟ್ಟಿಗೆ ಪಕ್ಕದಲ್ಲೇ ಸೌದೆ ರಾಶಿ ಇತ್ತು. ಅವತ್ತಿಂದ ಬಲ್ಬ್ ಹಾಕೋಕೆ ನನಗೆ ಕೈ ಬರಲಿಲ್ಲ.

ಆಮೇಲೆ ತರಿಸಿದ್ದು ಈ ಪ್ಲೇಟ್. ಒಂದಡಿಗೆ ಒಂದಡಿ, 22 ವ್ಯಾಟ್, ನಾಲ್ಕು ಪ್ಲಾಸ್ಟಿಕ್ ಕಾಲು, ನೋಡೋಕೆ ಸಣ್ಣ ಸ್ಟೂಲ್ ಥರ. ಬಿಸಿ ಆಗೋದು ಅದರ ಅಡಿಭಾಗ, ಮರಿ ಕೆಳಗೆ ನುಗ್ಗಿ ಬೆನ್ನು ತಾಗಿಸ್ಕೊಂಡು ಕೂರುತ್ತೆ, ಹೇಂಟೆ ರೆಕ್ಕೆ ಕೆಳಗೆ ಕೂತ ಹಾಗೇ. ಹಸಿವಾದ್ರೆ ಹೊರಗೆ ಬಂದು ತಿಂದು ಕುಡಿದು ಚಳಿ ಆದಾಗ ವಾಪಸ್ ಹೋಗುತ್ತೆ, ಎಷ್ಟು ಬಿಸಿ ಬೇಕು ಅಂತ ಮರಿನೇ ನಿರ್ಧಾರ ಮಾಡುತ್ತೆ. ಬೆಳಕು ಇಲ್ಲದೇ ಇರೋದ್ರಿಂದ ರಾತ್ರಿ ಮಲಗ್ತವೆ. ಬಲ್ಬ್ ಹಾಕ್ತಿದ್ದಾಗ ಇಡೀ ರಾತ್ರಿ ಎದ್ದು ಒಂದನ್ನೊಂದು ಕುಕ್ಕೋದು ಜಾಸ್ತಿ ಇತ್ತು, ಈಗ ಆ ಗಲಾಟೆ ಇಲ್ಲ.

ಮೊದಲ ರಾತ್ರಿ ಮಾತ್ರ ಗಾಬರಿ ಆಗಿತ್ತು. ಪ್ಲೇಟ್ ಕೆಳಗೆ ಕೈ ಇಟ್ರೆ ಬರೀ ಬೆಚ್ಚಗೆ ಅಷ್ಟೇ, ಪೆಟ್ಟಿಗೆ ಒಳಗೆ ಥರ್ಮಾಮೀಟರ್ ಇಟ್ರೆ 20 ಡಿಗ್ರಿ ತೋರಿಸ್ತಿದೆ, ಕೆಟ್ಟಿರೋ ಮಾಲು ಕಳಿಸಿದ್ದಾರೆ ಅನ್ಕೊಂಡೆ. ಅದು ಗಾಳಿನ ಬಿಸಿ ಮಾಡಲ್ಲ, ತಾಗಿದ ಮೈನ ಮಾತ್ರ ಬಿಸಿ ಮಾಡುತ್ತೆ ಅಂತ ಆಮೇಲೆ ಅರ್ಥ ಆಯ್ತು. ಮರಿಗಳಿಗೂ ಗೊತ್ತಾಗಲ್ಲ, ಹೊರಗೆ ನಿಂತು ಪಿಂಯ್ ಪಿಂಯ್ ಅಂತ ಒಂದೇ ಸಮ ಕೂಗ್ತಿದ್ವು, ಒಂದೊಂದನ್ನೇ ಹಿಡಿದು ಒಳಗೆ ತಳ್ಳಿದೆ, ಹೊರಗೆ ಬಂದವನ್ನ ಮತ್ತೆ ತಳ್ಳಿದೆ, ಸುಮಾರು ಒಂದು ಗಂಟೆ ಇದೇ ಕೆಲಸ. ಆಮೇಲೆ ಕೂಗು ನಿಲ್ತು. ಬಗ್ಗಿ ಟಾರ್ಚ್ ಹಾಕಿ ನೋಡ್ತೀನಿ, ಅಂಚಿನಲ್ಲಿ ಆರೇಳು ಕೊಕ್ಕು ಮಾತ್ರ ಹೊರಗೆ, ಒಂದು ಮರಿ ಕತ್ತು ಉದ್ದಕ್ಕೆ ಚಾಚಿ ಹೊಟ್ಟುಮೇಲೆ ಗಲ್ಲ ಇಟ್ಟು ಬಿದ್ದಿದೆ. ಮಗ "ಅಮ್ಮ ಇದು ಸತ್ತೋಗಿದೆ" ಅಂತ ಅಳೋಕೆ ಶುರು ಮಾಡಿದ, ಬೆರಳಲ್ಲಿ ಮುಟ್ಟಿದ ತಕ್ಷಣ ಕಣ್ಣು ಬಿಟ್ಟು ಗುರ್ ಅಂತ ಸಣ್ಣಗೆ ಸದ್ದು ಮಾಡಿ ಒಳಗೆ ಸರೀತು. ಮರಿ ನಿದ್ದೆ ಮಾಡೋದೇ ಹಾಗೆ, ಹೆದರ್ಬೇಡಿ.

ಈಗ ಕರೆಂಟ್ ವಿಷಯ, ನಮ್ಮ ಕಡೆಯವರಿಗೆ ಮುಖ್ಯ ಇದೇ. 250 ವ್ಯಾಟ್ ಬಲ್ಬ್ ದಿನಪೂರ್ತಿ ಉರಿದ್ರೆ 6 ಯೂನಿಟ್, ಈ ಪ್ಲೇಟ್ ಅರ್ಧ ಯೂನಿಟ್ ಚಿಲ್ಲರೆ. ಬಿಲ್ ಉಳಿಯೋದು ಒಂದು ಕಡೆ ಇರ್ಲಿ, ದೊಡ್ಡ ಲಾಭ ಇನ್ವರ್ಟರ್‌ದು. 150 ಎಎಚ್ ಬ್ಯಾಟರಿ ಮೇಲೆ ಆ ಬಲ್ಬ್ ನಾಲ್ಕು ಗಂಟೆ ಬಂದ್ರೆ ಹೆಚ್ಚು, ಪ್ಲೇಟ್ ಮಾತ್ರ ಹಾಕಿ ಬೇರೆ ಎಲ್ಲ ಆಫ್ ಮಾಡಿದ್ರೆ ಒಂದು ರಾತ್ರಿ ಕಳೆದು ಮಾರನೇ ದಿನ ಸಂಜೆವರೆಗೂ ನಮಗೆ ಬಂದಿದೆ. ಅದೂ ಮುಗಿದ್ರೆ ಬಚ್ಚಲು ಒಲೆ ಹಂಡೆಯಿಂದ ಬಿಸಿನೀರು ತಂದು ಲೀಟರ್ ಬಾಟ್ಲಿಗೆ ತುಂಬಿ ಹಳೇ ಸಾಕ್ಸ್ ಹಾಕಿ ಪ್ಲೇಟ್ ಕೆಳಗೇ ಇಡೋದು, ಆರಿದ ಹಾಗೆ ಬದಲಾಯಿಸೋದು. 2018ರ ಆಗಸ್ಟ್ ಮಳೆ ನೋಡಿದವರು ನಾವು, ಎರಡನೇ ದಾರಿ ಇಲ್ಲದೆ ಮರಿ ತರೋ ಧೈರ್ಯ ನನಗಿಲ್ಲ. ಕೆಲವರು ಮಡಕೆಯಲ್ಲಿ ಕೆಂಡ ಇಡ್ತಾರೆ, ಮುಚ್ಚಿದ ರೂಮಿನಲ್ಲಿ ದಯವಿಟ್ಟು ಅದು ಬೇಡ, ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸ್ನೆನೂ ಇಲ್ಲ, ಮರಿ ಜೊತೆ ಮನುಷ್ಯರಿಗೂ ಅಪಾಯ.

ತೊಂದರೆಗಳೂ ಇವೆ. ಡಬ್ಬದ ಮೇಲೆ 20 ಮರಿ ಅಂತ ಬರೆದಿದ್ದಾರೆ, ಮೊದಲ ವಾರ ಸರಿ, ಎರಡನೇ ವಾರ ದಾಟಿದ ಮೇಲೆ ಗಿರಿರಾಜ ಬೆಳೆಯೋ ಸ್ಪೀಡಿಗೆ 15ರ ಮೇಲೆ ಹಿಡಿಸಲ್ಲ, ಉಳಿದವು ಹೊರಗೆ ಚಳಿಯಲ್ಲಿ. ನನಗೆ ಬಂದ ಮೊದಲ ಪೀಸ್‌ನಲ್ಲಿ ಒಂದು ಕಾಲಿನ ಕ್ಲಿಪ್ ಮುರಿದಿತ್ತು, ಬದಲಾಯಿಸಿ ಕೊಡೋಕೆ ಮಾರಿದವರು 11 ದಿನ ತಗೊಂಡ್ರು, ಅಷ್ಟು ದಿನ ಕಾಲಿನ ಜಾಗಕ್ಕೆ ಮರದ ತುಂಡು ಕೊಟ್ಟು ನಿಲ್ಲಿಸಿದ್ದೆ. ಮರಿ ಬರೋ ದಿನಕ್ಕಿಂತ ಕನಿಷ್ಠ ಎರಡು ವಾರ ಮುಂಚೆ ಆರ್ಡರ್ ಮಾಡಿ, ಬಂದ ದಿನವೇ ಒಂದು ರಾತ್ರಿ ಹಾಕಿ ನೋಡಿ. ವಯರ್ ಗಿಡ್ಡ. ಹತ್ತು ದಿನ ಆದ ಮೇಲೆ ಮರಿಗಳು ಮೇಲೆ ಹತ್ತಿ ಕೂತು ಹಿಕ್ಕೆ ಹಾಕ್ತವೆ, ನಾನು ರಟ್ಟು ಮಡಚಿ ಮನೆ ಮಾಡಿನ ಥರ ಇಳಿಜಾರಾಗಿ ಇಟ್ಟಿದ್ದೀನಿ.

ಇನ್ನೊಂದು, ಡಿಸೆಂಬರ್ ಜನವರಿ ಚಳಿಗೆ ಬಯಲು ಕೊಟ್ಟಿಗೆಯಲ್ಲಿ ಇದೊಂದೇ ಸಾಕಾಗಲ್ಲ. ಹೋದ ಜನವರಿಯಲ್ಲಿ ನಾನು ಹಾಗೆ ಮಾಡಿ ಎರಡು ಮರಿ ಕಳ್ಕೊಂಡೆ. ಅವು ಬಿಸಿ ಬಿಟ್ಟು ಹೊರಗೇ ಬರ್ತಿರಲಿಲ್ಲ, ತಿಂತಾನೂ ಇರಲಿಲ್ಲ. ಆಮೇಲೆ ಪೆಟ್ಟಿಗೆನ ಬಚ್ಚಲು ಒಲೆ ಗೋಡೆಯ ಆಚೆ ಬದಿ ರೂಮಿಗೆ ತಂದೆ, ಹೊಗೆ ಬರಲ್ಲ, ಗೋಡೆ ಬೆಚ್ಚಗಿರುತ್ತೆ. ಅತ್ತೆ ಮುಂಚೆ ಬಿದಿರು ಬುಟ್ಟಿಯಲ್ಲಿ ಮರಿ ಇಡ್ತಿದ್ದಿದ್ದೂ ಅದೇ ಗೋಡೆ ಹತ್ರ ಅಂತೆ. ಗೋಣಿಚೀಲ ಮೂರು ಬದಿಗೆ ಕಟ್ಟಿ, ಮೇಲೆ ಗಾಳಿಗೆ ಜಾಗ ಬಿಟ್ಟು ಸಣ್ಣ ಕಣ್ಣಿನ ಮೆಶ್ ಹಾಕಿ, ಬೆಳಕಿಲ್ಲದ ಕಡೆ ಹೆಗ್ಗಣ ಬೇಗ ಬರುತ್ತೆ.

ಎತ್ತರ ಇಡೋದ್ರಲ್ಲೇ ಅರ್ಧ ಗುಟ್ಟು ಇದೆ. ಮರಿ ನಿಂತಾಗ ಬೆನ್ನು ಸುಮ್ನೆ ತಾಗಬೇಕು, ಪ್ಲೇಟಿನ ಹಿಂದಿನ ಕಾಲು ಒಂದು ಮೆಟ್ಟಿಲು ತಗ್ಗು, ಮುಂದಿಂದು ಎತ್ತರ ಇಟ್ರೆ ಚಿಕ್ಕದು ಹಿಂದೆ ಹೋಗುತ್ತೆ, ದೊಡ್ಡದು ಮುಂದೆ ಇರುತ್ತೆ. ನಾಲ್ಕೈದು ದಿನಕ್ಕೊಮ್ಮೆ ಏರಿಸಬೇಕು. ಗುಂಪಾಗಿ ಒತ್ತಿ ಜೋರಾಗಿ ಕೂಗಿದ್ರೆ ಚಳಿ, ದೂರ ಹೋಗಿ ಬಾಯಿ ತೆರೆದು ಏದುಸಿರು ಬಿಟ್ರೆ ಸೆಕೆ. ನ್ಯೂಸ್‌ಪೇಪರ್ ಮೇಲೆ ಬಿಡ್ಬೇಡಿ, ಜಾರಿ ಕಾಲು ಅಗಲ ಆಗುತ್ತೆ.

ಕೊಟ್ಟಿದ್ದು 2,800 ರೂಪಾಯಿ, 5ಕ್ಕೆ 4 ಕೊಡ್ತೀನಿ, ಒಂದು ಕಳೆದಿದ್ದು ಆ ಕಾಲಿನ ಕ್ಲಿಪ್ ಮತ್ತೆ 20 ಮರಿ ಅನ್ನೋ ಮಾತಿಗೆ. ತಗೊಳ್ಳೋರು 15ಕ್ಕಿಂತ ಜಾಸ್ತಿ ಮರಿ ತರೋದಾದ್ರೆ ದೊಡ್ಡ ಸೈಜೇ ತಗೊಳ್ಳಿ. ಈಗ ನಮ್ಮಲ್ಲಿ 14 ಮರಿ ಇವೆ, ಮೂರನೇ ವಾರ, ನಿನ್ನೆ ರಾತ್ರಿ ಒಂಬತ್ತಕ್ಕೆ ಹೋದ ಕರೆಂಟ್ ಇನ್ನೂ ಬಂದಿಲ್ಲ, ಬೆಳಿಗ್ಗೆ ಎಣಿಸಿದೆ, 14ಕ್ಕೆ 14 ಇವೆ.